ಸಿಹಿಗುಂಬಳ ಬಣ್ಣದ ಕೋಟು

…ಅಲ್ಲಾಡಬೇಡ! ಸ್ಟೂಲ್ ಮೇಲೆ ನಿಂತು ಅಲ್ಲಾಡಬೇಡ ಅಂದೆನಲ್ಲಪ್ಪ ಕೋಚ್! ಬಾಯಲ್ಲಿ ಆರು ಗುಂಡುಸೂಜಿ ಕಚ್ಕೊಂಡು ನಿನ್ನ ಸೊಂಟದ ಹತ್ರ ಕೂತಿದೀನಿ, ನೀನು ನಗ್ತಾ ಹೊಟ್ಟೆ ಕುಣಿಸಿದ್ರೆ ಹೇಗೆ? ಆಮೇಲೆ ಲವೋನ್ ಬಂದು ಅಂಗಡಿ ಬಾಗಿಲಲ್ಲಿ ನಿಂತ್ಕೋತಾಳೆ. "ಅಮೋಸ್ ಟಿಬ್ಸ್, ನನ್ನ ಗಂಡನ್ನ ಜರಡಿ ಮಾಡಿ ಕಳಿಸಿದೀಯಲ್ಲ" ಅಂತ ಇಡೀ ಟೊಲೀಡೊ ಊರಿಗೆ ಕೇಳೋ ಹಾಗೆ ಕೂಗ್ತಾಳೆ. ನಿನ್ನ ಹೆಂಡತಿ ಗಂಟಲು ನನಗೆ ಗೊತ್ತಿಲ್ವಾ, ಚರ್ಚಲ್ಲಿ ಪ್ರತಿ ಭಾನುವಾರ ಕೇಳ್ತೀನಿ.

ಏನು? ಉಸಿರು ಬಿಡಬಹುದಾ? ಬಿಡು. ಸ್ವಲ್ಪ ಸ್ವಲ್ಪವಾಗಿ ಬಿಡು.

ಹನ್ನೊಂದು ವರ್ಷ ಆಯ್ತು ಈ ಸೂಟು ಹೊಲಿದು. ಆಗ ಎಂಥಾ ಸೊಂಟ ಇತ್ತು ನಿಂದು! ಆಮೇಲೆ ಪ್ರತಿ ಜನವರಿ ಬರ್ತೀಯ. "ಟಿಬ್ಸ್, ಹೆಡ್ ಕೋಚ್ ಕೆಲಸದ ಇಂಟರ್ವ್ಯೂಗೆ ಕರೆದಿದಾರೆ, ಒಂಚೂರು ಬಿಚ್ಚಿ ಬಿಡು" ಅಂತೀಯ. ನಾನು ಬಿಚ್ಚಿ ಬಿಡ್ತೀನಿ. ಒಂದು ವರ್ಷ ಕಾಲು ಇಂಚು, ಇನ್ನೊಂದು ವರ್ಷ ಅರ್ಧ ಇಂಚು… ಇನ್ನು ಒಳಗೆ ಬಟ್ಟೆನೇ ಇಲ್ಲ ಮಾರಾಯ, ಬರೀ ನಂಬಿಕೆ ಮೇಲೆ ನಿಂತಿದೆ ಈ ಪ್ಯಾಂಟು. ಸಿಟ್ಟು ಮಾಡ್ಕೋಬೇಡ. ಮನೇಲಿ ತಿಂದು ಕೊಬ್ಬಿದವನಲ್ಲ ನೀನು, ಕಾದೂ ಕಾದೂ ಊದ್ಕೊಂಡವನು.

ಇದು ಎಷ್ಟನೇದು? ಹನ್ನೊಂದಾ? ಹನ್ನೆರಡು! ದೇವರೇ. ಹನ್ನೆರಡು ಸಲ ಹೆಣ್ಣು ನೋಡೋಕೆ ಹೋದವನು ಮನೆ ಬಾಗಿಲಿಗೆ ಬೆನ್ನು ತೋರಿಸಿ ಸನ್ಯಾಸಿ ಆಗ್ತಾನೆ, ನೀನು ನೋಡಿದ್ರೆ ಇನ್ನೂ ಶೂಗೆ ಪಾಲಿಶ್ ಹಾಕಿಸ್ತಿದೀಯ.

ಯಾಕೆ ನಗ್ತೀಯ? ನಗಬೇಡ! ಆ ಬೆಟ್ಟದೂರಿನ ತಂಡದವರು ನಿನ್ನ ಕರೆಸಿಕೊಂಡಿದ್ದು ನೆನಪಿದೆಯಾ? ಒಳಗೆ ಹೋಗ್ತಿದ್ದ ಹಾಗೇ ಫೋಟೊ ತೆಗೆದ್ರು ಅಂದಿದ್ದೆ. ಮೊದಲು ಫೋಟೊ, ಆಮೇಲೆ ಕಾಫಿ, ಪ್ರಶ್ನೆ ಕೊನೆಗೆ… ಅದೂ ಏನು ಪ್ರಶ್ನೆ? "ವಿಮಾನ ಎಷ್ಟು ಹೊತ್ತಿಗೆ?" ಅಂತ! ಇನ್ನು ಆ ಸಮುದ್ರದ ದಂಡೆಯವರು, ಎರಡು ಗಂಟೆ ಹೊತ್ತು ನಿನ್ನ ಕೋಚ್ ಪೆಟಿಗ್ರೂ, ಕೋಚ್ ಪೆಟಿಗ್ರೂ ಅಂತ ಕರೆದು ಮಾತಾಡಿಸಿದ್ರಂತೆ. ಪೆಟಿಗ್ರೂ ನಿನಗಿಂತ ಇಪ್ಪತ್ತು ವರ್ಷ ದೊಡ್ಡವನು, ಒಂದು ಕಣ್ಣು ಮೆಳ್ಳ! ಇಬ್ಬರಿಗೂ ಇರೋ ಸಾಮ್ಯ ಅಂದ್ರೆ ಚರ್ಮ ಒಂದೇ. ನೀನಾದ್ರೂ ತಿದ್ದಬಾರದಿತ್ತಾ? "ಪೆಟಿಗ್ರೂಗಾದ್ರೂ ಕೆಲಸ ಸಿಗಲಿ ಅಂತ ಸುಮ್ಮನಿದ್ದೆ" ಅಂದೆ. ಅವತ್ತು ನಾನು ನಕ್ಕೂ ನಕ್ಕೂ ಕುರ್ಚಿಯಿಂದ ಬಿದ್ದೆ.

ಒಳ್ಳೇ ನಿಯಮ ಮಾಡಿದಾರಪ್ಪ ಫುಟ್‌ಬಾಲ್ ಲೀಗಿನವರು. ಹೆಡ್ ಕೋಚ್‌ನ ಆರಿಸೋ ಮುಂಚೆ ನಮ್ಮಂಥ ಕಪ್ಪು ಮೈಯವರನ್ನೂ ಕರೆದು ಮಾತಾಡಿಸಲೇಬೇಕು ಅಂತ. ಕರೀಬೇಕು ಅಂತ ಬರೆದಿದಾರೆ. ಕಿವಿ ಕೊಟ್ಟು ಕೇಳಬೇಕು ಅಂತ ಎಲ್ಲೂ ಬರೆದಿಲ್ಲ. ಮೈದಾನದಲ್ಲಿ ಓಡೋರು, ಗುದ್ದಿಸ್ಕೊಳ್ಳೋರು, ಮಂಡಿ ಮುರ್ಕೊಳ್ಳೋರು… ಅಲ್ಲಿ ಕಣ್ಣು ಹಾಯಿಸಿದ ಕಡೆ ನಮ್ಮ ಹುಡುಗರೇ. ಗೆರೆ ಆಚೆ ನಿಂತು "ಓಡು" ಅನ್ನೋ ಜಾಗಕ್ಕೆ ಬಂದ್ರೆ ಮಾತ್ರ ನಮ್ಮವರಿಗೆ ಅನುಭವ ಸಾಲದು! ನೀನು ಒಂಬತ್ತು ವರ್ಷ ಈ ಹೆರನ್ಸ್, ಅಂದ್ರೆ ನಮ್ಮೂರ ಕೊಕ್ಕರೆ ತಂಡದ ರಕ್ಷಣೆ ಆಟಗಾರರನ್ನ ತಯಾರು ಮಾಡಿದೆ. ಎರಡು ಸಲ ಟ್ರೋಫಿ ಬಂತು. ಯಾರಿಂದ? ಹೇಳು, ಯಾರಿಂದ?

…ಸರಿ, ಹುಡುಗರಿಂದ. ನಿನಗೆ ಈ ವಿನಯ ಯಾರು ಕಲಿಸಿದ್ರೋ, ಅವರಿಗೆ ಎರಡು ಕೊಡಬೇಕು.

ತಿರುಗು. ಈ ಕಡೆ ಅಲ್ಲ, ಆ ಕಡೆ, ಬೀದಿ ಕಡೆ. ಹಿಮ ಬೀಳ್ತಿದೆ, ಅದನ್ನ ನೋಡು. ಕನ್ನಡಿ? ಕನ್ನಡಿ ಗೋಡೆಗೆ ಮುಖ ಮಾಡಿಟ್ಟಿದೀನಿ. ಬಿರುಕು ಬಿಟ್ಟಿದೆ. ಒಡಕು ಕನ್ನಡಿಲಿ ಮುಖ ನೋಡ್ಕೊಂಡು ಇಂಟರ್ವ್ಯೂಗೆ ಹೋಗ್ತಾರಾ ಯಾರಾದ್ರೂ? ನಾನು ನೋಡ್ತಿದೀನಲ್ಲ, ಸಾಕು. ನಲವತ್ತೆಂಟು ವರ್ಷ ಕತ್ತರಿ ಹಿಡಿದಿದೀನಿ. ಇಲ್ಲೀತನಕ ಒಂದೇ ಒಂದು ಬಟ್ಟೇಲಿ ಒಂದೇ ಒಂದು ಗುಂಡುಸೂಜಿ ಮರೆತು ಬಿಟ್ಟವನಲ್ಲ. ಹೆಣಕ್ಕೆ ಹೊಲಿದ ಸೂಟಲ್ಲೂ ಬಿಟ್ಟಿಲ್ಲ, ಅಲ್ಲಿ ಯಾರು "ಅಮ್ಮಾ" ಅಂತಿದ್ರು? ಆದ್ರೂ ಬಿಟ್ಟಿಲ್ಲ.

ಮೂರು ಗಂಟೆಗೆ ಅಲ್ವಾ? ಹೂಂ. ಇವತ್ತು ಮೂರಕ್ಕೆ… ಒಂದು ಮಾತು ಹೇಳ್ಲಾ? ಹೋಗಬೇಡ. ಅಲ್ಲ, ಸುಮ್ಮನೆ ಹೇಳಿದೆ. ಹಿಮ ಬೇರೆ ಬೀಳ್ತಿದೆ. ರಸ್ತೆ ಜಾರತ್ತೆ. ಬ್ರಾಡ್ವೆಲ್ ಸಾಹೇಬ ನಿನ್ನ ಹೆರನ್ಸ್ ತಂಡದ ಯಜಮಾನ ಅಂದ ಮಾತ್ರಕ್ಕೆ ಕರೆದಾಗಲೆಲ್ಲ ಓಡಬೇಕಾ? ಜ್ವರ ಅಂತ ಹೇಳು. ಲವೋನ್ ಇವತ್ತು ಬೆಂಡೆಕಾಯಿ ಹಾಕಿ ಗಂಬೋ ಸಾರು ಮಾಡ್ತಿದೀನಿ ಅಂದಿದ್ಳು, ಹೋಗಿ ಎರಡು ಬಟ್ಟಲು ಕುಡಿದು ಮಲಕ್ಕೋ.

ಯಾಕೆ ಹಾಗೆ ನೋಡ್ತಿದೀಯ? ನನಗೇನಾಗಿದೆ? ಒಂದೇ ಕಡೆ ಎರಡು ಸಲ ಗುರುತು ಹಾಕಿದ್ನಾ? ವಯಸ್ಸಾಯ್ತಪ್ಪ, ಅಷ್ಟೇ.

ಏ… ಆ ಪರದೆ ಕಡೆ ಯಾಕೆ ನೋಡ್ತೀಯ? ಅಲ್ಲೇನಿಲ್ಲ. ತೋಳು? ಯಾವ ತೋಳು? ಓ, ಅದಾ… ಅದು ನಮ್ಮ ಚರ್ಚಿನ ಹಾಡುಗಾರರ ಗೌನು. ಈಸ್ಟರ್‌ಗೆ ಹೊಸದು. ಹೌದು, ಸಿಹಿಗುಂಬಳದ ಬಣ್ಣವೇ. ಯಾಕೆ, ದೇವರಿಗೆ ಸಿಹಿಗುಂಬಳ ಆಗಲ್ವಾ? ಲವೋನ್ ಹಾಡುಗಾರ್ತಿ ಅಂತ ನನಗೆ ಗೊತ್ತಿಲ್ವಾ, ಅವಳಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ, ಪಾದ್ರಿಗೂ ಹೇಳಿಲ್ಲ! ಹಿತ್ತಾಳೆ ಗುಂಡಿ… ಗೌನಿಗೆ ಹಿತ್ತಾಳೆ ಗುಂಡಿ ಯಾಕೆ ಅಂದ್ರೆ… ಈಗ ಅದೇ ಫ್ಯಾಷನ್ನು.

ನಗ್ತಿದೀಯ.

ಯಾಕೋ ನಗ್ತಿದೀಯ? ಇದು ಆಗ ನಕ್ಕಿದ್ಯಲ್ಲ, ಆ ನಗು ಅಲ್ಲ. ಮುಖ ಎಲ್ಲ ಅರಳಿ… ಇಪ್ಪತ್ತೆರಡು ವರ್ಷದವನಾಗಿದ್ದಾಗ ಮದುವೆ ಸೂಟಿಗೆ ಅಳತೆ ಕೊಡೋಕೆ ಬಂದು ಇದೇ ಸ್ಟೂಲ್ ಮೇಲೆ ನಿಂತು ಹೀಗೇ ನಕ್ಕಿದ್ದೆ. ಏನು ಮಾಡ್ತಿದೀಯ? ಎರಡೂ ಕೈ ಯಾಕೆ ಮೇಲೆತ್ತಿದೆ? ಕೊಕ್ಕರೆ ರೆಕ್ಕೆನಾ? ಅಯ್ಯೋ… ಕೈ ಇಳಿಸು ಥರ್ಮನ್. ಇಳಿಸು ಅಂದೆ. ಹೊಲಿಗೆ ಬಿಚ್ಚತ್ತೆ.

ಅದಲ್ಲ ಕಣೋ. ನೀನಂದುಕೊಂಡಿದ್ದು ಅಲ್ಲ.

ಬ್ರಾಡ್ವೆಲ್ ಮನೆತನದ ಪದ್ಧತಿ ನಿನಗೆ ಗೊತ್ತು, ಈ ಊರಿನ ನಾಯಿಗೂ ಗೊತ್ತು. ಹೊಸ ಹೆಡ್ ಕೋಚ್ ಬಂದ್ರೆ ಈ ಟಿಬ್ಸ್ ಅಂಗಡೀಲಿ ಹೊಲಿದ ಸಿಹಿಗುಂಬಳ ಬಣ್ಣದ ಕೋಟು ಹಾಕ್ಕೊಂಡು ಟೀವಿಯವರ ಮುಂದೆ ಕೊಕ್ಕರೆ ಹಾಗೆ ಎರಡೂ ಕೈ ಎತ್ತಿ ಬಡೀಬೇಕು. ಯಾವ ಕೊಕ್ಕರೆ ಈ ಬಣ್ಣದಲ್ಲಿದೆಯೋ ಆ ದೇವರಿಗೇ ಗೊತ್ತು. ನಮ್ಮಪ್ಪ ಮೂರು ಹೊಲಿದ, ನಾನು ನಾಲ್ಕು. ಏಳು ಕೋಟು. ಏಳರಲ್ಲಿ ಒಂದರ ಕಾಲರೂ ಕಪ್ಪು ಕತ್ತಿನ ಮೇಲೆ ಕೂತಿಲ್ಲ. ಆ ಬಟ್ಟೆ ನೇಯ್ತಿದ್ದ ಮಿಲ್ಲು ಮುಚ್ಚಿದಾಗ ಕೊನೇ ತುಂಡು ಎತ್ತಿಟ್ಟು ನಿನಗೆ ತೋರಿಸಿದ್ದೆ. "ಇದು ನಿಂದು, ಥರ್ಮನ್ ಗೇನ್ಸ್" ಅಂದಿದ್ದೆ. ನೆನಪಿದೆ ನಿನಗೆ. ಅದಕ್ಕೇ ನಕ್ಕೆ ನೀನು… ಟಿಬ್ಸ್ ಮುದುಕ ಗುಟ್ಟಾಗಿ ನಂದೇ ಹೊಲೀತಿದಾನೆ ಅಂತ ನಕ್ಕೆ.

ನಿಂದಲ್ಲ ಕಣಪ್ಪ.

ಗುರುವಾರ ಬಂದಿದ್ದ, ಹಿಂದಿನ ಬಾಗಿಲಿಂದ, ಟೋಪಿ ಮೂಗಿನ ತನಕ ಎಳ್ಕೊಂಡು. ಕಾಲ್ಡರ್. ಹೌದು, ಆ ಕಾಲ್ಡರ್ ಹುಡುಗನೇ. ಮೂವತ್ತನಾಲ್ಕು ವರ್ಷ. ಅಪ್ಪ ಕೋಚು, ಚಿಕ್ಕಪ್ಪ ಕೋಚು, ಮಾವ ಕೋಚು, ಅವನ ಮನೆ ಬೆಕ್ಕಿಗೂ ಎಲ್ಲೋ ಅಸಿಸ್ಟೆಂಟ್ ಕೋಚ್ ಕೆಲಸ ಇರಬೇಕು. ಬ್ರಾಡ್ವೆಲ್ ಆಫೀಸಿಂದ ಮೊದಲೇ ಫೋನ್ ಬಂದಿತ್ತು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕೋಟು ಬೇಕು, ಯಾರ ಹತ್ರನೂ ಬಾಯಿ ಬಿಡಬಾರದು. ಇವತ್ತು ಸೋಮವಾರ. ನಿನ್ನ ಇಂಟರ್ವ್ಯೂ ಇವತ್ತು ಮೂರಕ್ಕೆ. ನೀನು ಬಾಯಿ ತೆರೆಯೋ ಮುಂಚೆ ಅವನ ಕೋಟಿನ ಗುಂಡಿಗೆ ಕಾಜಾ ತೆಗೆದು ಆಗಿತ್ತು, ಥರ್ಮನ್. ನಿನಗಂತ ಎತ್ತಿಟ್ಟ ಬಟ್ಟೇಲೇ, ನಾನೇ ತೆಗೆದೆ. ಈ ಕೈಯಿಂದ.

ಬೈ. ಬೈಯಪ್ಪ, ಏನಾದ್ರೂ ಅನ್ನು.

ಆಗಲ್ಲ ಅನ್ನಬೇಕಿತ್ತು ನಾನು. ಗೊತ್ತು. ಅಂದಿದ್ರೆ ಬೇರೆ ದರ್ಜಿ ಹತ್ರ ಹೋಗ್ತಿದ್ರು, ಕೋಟಿಗೇನು ಬರ. ಆದ್ರೆ ಅದಲ್ಲ ಕಾರಣ. ನಮ್ಮಪ್ಪನ ಕಾಲದ ಕೆಲಸ ನನ್ನ ಕೈಲಿ ನಿಂತುಹೋಗತ್ತೆ ಅಂತ ಹೆದರಿದೆ. ಹೆದರಿದೆ ಕಣೋ, ಅಷ್ಟೇ. ನಿನಗೆ ಹೇಳೋದಕ್ಕೂ ಹೆದರಿದೆ. ನಾಲ್ಕು ದಿನದಿಂದ ಅರ್ಧ ಊಟ ತಟ್ಟೇಲೇ ಬಿಟ್ಟು ಏಳ್ತಿದೀನಿ. ನನ್ನ ಹೆಂಡತಿ ಅರ್ನೆಸ್ಟೀನ್ ಕೇಳಿದ್ರೆ ಹಲ್ಲುನೋವು ಅಂದೆ. ಹಲ್ಲು ಕಟ್ಟಿಸಿ ಆರು ವರ್ಷ ಆಯ್ತು, ಅವಳಿಗೆ ಗೊತ್ತಿಲ್ವಾ.

ಕಾಲು ಯಾಕೆ ಕೆಳಗಿಡ್ತಿದೀಯ?

ಇಳೀಬೇಡ! ಗುಂಡುಸೂಜಿ ಇದೆ ಪ್ಯಾಂಟಲ್ಲಿ! ಎಲ್ಲಿಗೆ? ಆ ಕೋಟು ಮುಟ್ಟಬೇಡ… ಅಥವಾ ಮುಟ್ಟು. ಹರಿಯೋದಾದ್ರೆ ಹರಿ. ಕತ್ತರಿ ಕೊಡ್ಲಾ? ತಗೋ, ದೊಡ್ಡದು. ಬೆನ್ನ ನಡುವಿಂದ ಶುರು ಮಾಡಿದ್ರೆ ಒಂದೇ ಎಳೆತಕ್ಕೆ ಎರಡು ಹೋಳು. ಬೆಕ್ಕು ಕಚ್ಚಿತು ಅಂತ ಹೇಳ್ತೀನಿ. ಕಾಲ್ಡರನ ಬೆಕ್ಕೇ ಕಚ್ಚಿತು ಅಂತ ಹೇಳ್ತೀನಿ!

ಬೇಡವಾ? ಮತ್ತೆ ಏನು ಸವರ್ತಿದೀಯ? ಹೂಂ, ಹೆಗಲು ಚೆನ್ನಾಗಿ ಕೂತಿದೆ. ಅವನ ಎಡ ಹೆಗಲು ಇಳಿಜಾರು, ಒಳಗೆ ಹತ್ತಿ ತುಂಬಿದೀನಿ. ನಿನಗಾಗಿದ್ರೆ ಹತ್ತಿ ಬೇಕಾಗ್ತಿರಲಿಲ್ಲ.

ಗಡಿಯಾರ ಯಾಕೆ ನೋಡ್ತಿದೀಯ? ಇನ್ನೂ ಹೋಗ್ತೀಯಾ? ಇಷ್ಟೆಲ್ಲ ಕೇಳಿದ ಮೇಲೂ ಹೋಗ್ತೀಯಾ? ಏನಂದೆ… ಹೋಗದಿದ್ರೆ "ಕರೆದ್ವಿ, ಅವನೇ ಬರಲಿಲ್ಲ" ಅಂತ ಬರ್ಕೋತಾರೆ. ಹೂಂ. ಬರ್ಕೋತಾರೆ. ಆಮೇಲೆ ನಿನ್ನ ಹಿಂದೆ ಬರೋರಿಗೂ ಅದನ್ನೇ ತೋರಿಸ್ತಾರೆ. ಸರಿ, ಹೋಗು. ಹೋಗಿ ಆ ಸಾಹೇಬನ ಎದುರು ಕೂತು, ಆಟದ ತಂತ್ರ ಬರೆದಿಟ್ಟ ನಿನ್ನ ಆ ದಪ್ಪ ಪುಸ್ತಕ ಇದೆಯಲ್ಲ, ಮೊದಲ ಪುಟದಿಂದ ಕೊನೇ ಪುಟದ ತನಕ ಓದಿ ಹೇಳು. ಒಂದು ಸಾಲೂ ಬಿಡಬೇಡ. ರಾತ್ರಿ ಊಟದ ತನಕ ಏಳೋಕೆ ಬಿಡಬೇಡ ಆ ಬ್ರಾಡ್ವೆಲ್‌ನ!

ಹಾಂ, ನಕ್ಕೆ ನೀನು. ಒಂಚೂರು ನಕ್ಕೆ. ದೇವರು ದೊಡ್ಡವನು.

…ಏನು ಸಿಕ್ತು ಅಲ್ಲಿ? ಕಾಲರ್ ಕೆಳಗೆ? ತೋರಿಸು. ಓ… ಅದಾ… ಗುಂಡುಸೂಜಿ. ಮರೆತಿರಬೇಕು. ವಯಸ್ಸಾಯ್ತಲ್ಲ, ಎಲ್ಲೋ ಒಂದು ಮರೆತು…

ಹಾಗೆ ನೋಡಬೇಡ. ನಲವತ್ತೆಂಟು ವರ್ಷ ಅಂತ ಈಗಷ್ಟೇ ಹೇಳಿದೆ, ನೆನಪಿದೆ ನನಗೂ. ಹೆಣದ ಸೂಟು ಅಂತಾನೂ ಹೇಳಿದೆ. ಸರಿ! ಬೇಕಂತಲೇ ಇಟ್ಟೆ! ಟೀವಿ ಮುಂದೆ ಕತ್ತು ತಿರುಗಿಸಿದಾಗ ಒಂದು ಸಲ, ಒಂದೇ ಒಂದು ಸಲ "ಅಯ್ಯೋ" ಅನ್ನಲಿ ಅಂತ. ನೀನು ಹನ್ನೆರಡು ಸಲ ಅಂದಿಲ್ವಾ ಒಳಗೊಳಗೆ?

ಏನು? ಆ ಹುಡುಗ ಏನು ಮಾಡಿದ… ಹೌದು. ಅವನೇನೂ ಮಾಡಿಲ್ಲ. ಕರೆದ್ರು, ಬಂದ. ಅಷ್ಟೇ. ಅಳತೆ ಕೊಡುವಾಗ "ನೀವು ನಿಂತು ನಿಂತು ಕಾಲು ನೋಯಲ್ವಾ ಸರ್" ಅಂತ ಬೇರೆ ಕೇಳಿದ, ದರಿದ್ರದವನು. ಕೆಟ್ಟವನಾಗಿದ್ರೆ ಎಷ್ಟು ಸುಲಭ ಆಗ್ತಿತ್ತು.

ಇಡು. ಆ ದಿಂಬಿಗೆ ಚುಚ್ಚಿಡು. ನೀನೇ ತೆಗೆದೆ, ನೀನೇ ಇಡು. ನಿನಗೆ ಬರಬೇಕಾಗಿದ್ದ ಕೋಟಿಂದ ಅವನಿಗೆ ಚುಚ್ಚೋ ಗುಂಡುಸೂಜಿ ತೆಗೀತಿದೀಯಲ್ಲೋ, ನಿನ್ನಂಥವನನ್ನ ನೋಡಿಲ್ಲ ನಾನು. ನ್ಯಾಯ ನ್ಯಾಯ ಅಂತ ಬಡ್ಕೊಂಡಿದ್ದು ನಾನು, ಆದ್ರೆ…

ಬಾ, ಸ್ಟೂಲ್ ಹತ್ತು. ಸೊಂಟ ಮುಗಿಸ್ತೀನಿ. ಹತ್ತಪ್ಪ, ಹೊತ್ತಾಯ್ತು. ಯಾಕೆ ಅಲ್ಲೇ ನಿಂತೆ?

ಎಲ್ಲ ತೆಗೆದಾಯ್ತಲ್ಲ. ಮತ್ತೇನು? ಏನೂ ಇಲ್ಲ. ಏನೂ ಇಲ್ಲ ಅಂದೆನಲ್ಲ. ಕೈ ಕಟ್ಕೊಂಡು ಹಾಗೆ ನಿಂತು ನೋಡಿದ್ರೆ ನಾನೇನು ನಿನ್ನ ತಂಡದ ಹುಡುಗನಾ, ಹೆದರ್ಕೊಂಡು ಒಪ್ಕೊಳ್ಳೋಕೆ?

…ಎಡಗಂಕುಳು.

ಅಸ್ತರಿನ ಒಳಗೆ ಇನ್ನೊಂದು. ಕೊಕ್ಕರೆ ಹಾಗೆ ಕೈ ಎತ್ತಿದಾಗ ತಾಗೋ ಹಾಗೆ ಇಟ್ಟಿದೀನಿ. ನೀನೇ ತೆಗಿ ಥರ್ಮನ್, ನನ್ನ ಕೈಲಾಗಲ್ಲ.