ಮೂವತ್ತೆಂಟಕ್ಕೂ ಒಂದೇ ನಿಯಮ

ಇಲ್ಲ ಅಕ್ಕ, ಆಫೀಸಿನ ಪರವಾಗಿ ಬಂದಿಲ್ಲ. ನಿನ್ನ ತಮ್ಮನಾಗಿ ಬಂದಿದ್ದೀನಿ. ಆ ರಟ್ಟಿನ ಪೆಟ್ಟಿಗೆ ಒಂದು ನಿಮಿಷ ಕೆಳಗಿಡು. ಹನ್ನೊಂದು ಹೆಂಗಸರ ಸಾಮಾನು ನೀನೊಬ್ಬಳೇ ಕಟ್ಟೋಕಾಗುತ್ತಾ? ಕೊಡಿಲ್ಲಿ, ಟೇಪು ನಾನು ಹಚ್ತೀನಿ... ಬೇಡವಾ. ಸರಿ, ಬೇಡ ಬಿಡು.

ನೀನು ಕಟ್ತಾನೇ ಇರು, ನಾನು ಹೇಳ್ತಾ ಹೋಗ್ತೀನಿ. ನಾಲ್ಕು ಗಂಟೆಗೆ ನಿಮ್ಮ ಟ್ರಸ್ಟಿನವರು ಬರ್ತಾರೆ. ಜೊತೇಲಿ ಪೊಲೀಸಿನವರೂ ಇರ್ತಾರೆ. ಗಂಡನ ಏಟು ತಪ್ಪಿಸ್ಕೊಂಡು ಬಂದೋರು ಇರೋ ಮನೆ ಇದು, ಇದರ ವಿಳಾಸ ಹೊರಗೆ ಹೇಗೆ ಹೋಯ್ತು ಅಂತ ಮೇಲ್ವಿಚಾರಕಿಯಾದ ನಿನ್ನನ್ನೇ ಮೊದಲು ಕೇಳ್ತಾರೆ. ಅದಕ್ಕೆ ಮುಂಚೆ ನಾವಿಬ್ರೂ ಒಂದು ಮಾತಿಗೆ ಬರಬೇಕು. ಯಾಕೆ ಹಾಗೆ ನೋಡ್ತೀಯ? ಸುಳ್ಳು ಹೇಳು ಅಂದ್ನಾ ನಾನು?

ಮೊದಲು ಕೇಳು. ನಮ್ಮ ಕಂಪನಿ ಕೆಲಸ ನಿನಗೆ ಗೊತ್ತಿರೋದೇ. ಮೂವತ್ತೆಂಟು ಕಡೆಯ ಕಂಪ್ಯೂಟರು ನೋಡ್ಕೋತೀವಿ. ಹಲ್ಲಿನ ಡಾಕ್ಟರು, ಟೈಲ್ಸ್ ಅಂಗಡಿ, ವಕೀಲರು, ಎರಡು ಶಾಲೆ, ಕೊನೇಲಿ ನಿಮ್ಮ ಈ ಮನೆ. ಒಬ್ಬೊಬ್ಬರದೂ ಒಂದೊಂದು ರಾಗ. ಟೈಲ್ಸ್ ಅಂಗಡಿಯವನಿಗೆ ಪಾಸ್‌ವರ್ಡೇ ಬೇಡ. ವಕೀಲರ ಗುಮಾಸ್ತ ಅದನ್ನ ಚೀಟೀಲಿ ಬರೆದು ಪರದೆಗೇ ಅಂಟಿಸಿದ್ದಾನೆ, ಮರೆತುಹೋಗುತ್ತಂತೆ! ಹೋದ ವರ್ಷ ಯಾರೋ ಹಲ್ಲಿನ ಡಾಕ್ಟರ ಹೆಸರಲ್ಲಿ ಕಳ್ಳ ಮೇಲ್ ಕಳಿಸಿ ಅವರ ರೋಗಿಗಳನ್ನೆಲ್ಲ ಹಳ್ಳಕ್ಕೆ ಬೀಳಿಸಿದ. ನಮ್ಮ ಯಜಮಾನರಿಗೆ ತಲೆ ಕೆಟ್ಟುಹೋಯ್ತು. ಸಾಕು, ಇನ್ಮೇಲೆ ಎಲ್ಲರಿಗೂ ಒಂದೇ ನಿಯಮ ಅಂದ್ರು. ಒಂದೇ ಥರದ ಪಾಸ್‌ವರ್ಡು, ಹತ್ತು ನಿಮಿಷಕ್ಕೆ ಬೀಗ ಬೀಳೋ ಪರದೆ. ಹೊರಗೆ ಹೋಗೋ ಪ್ರತಿ ಇ-ಮೇಲ್ ಕೊನೇಲಿ ಸಂಸ್ಥೆ ಹೆಸರು, ವಿಳಾಸ, ಫೋನು ತಾನಾಗೇ ಅಚ್ಚಾಗಬೇಕು, ಅಸಲಿ ಯಾವುದು ಅಂತ ಜನಕ್ಕೆ ಗೊತ್ತಾಗಲಿ. ಕೆಟ್ಟ ಯೋಚನೆ ಅಲ್ಲ ಅಕ್ಕ. ಆರು ತಿಂಗಳು ಕೂತು ನಾನೇ ಬರೆದದ್ದು. ಮೂವತ್ತೇಳು ಕಡೆಗೆ ಅದರಿಂದ ಒಳ್ಳೇದೇ ಆಯ್ತು.

ಯಾಕೆ ನಗ್ತೀಯ?

ಓ... ನಗು ಅಲ್ವಾ ಅದು.

ಗೊತ್ತು, ಮೂರು ವರ್ಷದ ಹಿಂದೇನೇ ನೀನು ಹೇಳಿದ್ದೆ. ನಮ್ಮ ಮನೆಗೆ ಬೋರ್ಡೂ ಇಲ್ಲ, ವಿಳಾಸ ಎಲ್ಲೂ ಬರಕೂಡದು ಅಂತ. ಇವರಿಗೆ ಮಾತ್ರ ವಿನಾಯಿತಿ ಅಂತ ದಾಖಲು ಮಾಡಿದ್ದೂ ನಾನೇ ಅಲ್ವಾ? ಹೊಸ ನಿಯಮ ಹಾಕುವಾಗ ಸಿಸ್ಟಮ್ಮು ಆ ವಿನಾಯಿತೀನ ನುಂಗಿಬಿಡ್ತು. ತಾನಾಗೇ. ನನ್ನ ಕಣ್ಣಿಗೇ ಬೀಳಲಿಲ್ಲ ಕಣಕ್ಕ. ಆಮೇಲೆ ಬುಧವಾರ ಇಲ್ಲಿದ್ದ ಆ ಹೊಲಿಗೆಯವಳು ನಿನ್ನ ಮೇಜಿನ ಕಂಪ್ಯೂಟರಿಂದ ಮಗಳ ಹಳೇ ಶಾಲೆಗೆ ಮೇಲ್ ಹಾಕಿದ್ಲು, ವರ್ಗಾವಣೆ ಪತ್ರ ಕೊಡಿ ಅಂತ. ನೀನೇ ಪಕ್ಕದಲ್ಲಿ ಕೂತು ಬರೆಸಿದ್ದೆ. ಒಂದೊಂದು ಪದಾನೂ ನೋಡಿದ್ದೆ. ಆದರೆ ಆ ವಿಳಾಸದ ಸಾಲು ಕಳಿಸಿದ ಮೇಲೆ ಅಚ್ಚಾಗೋದು, ನಿನಗೆ ಹೇಗೆ ಕಾಣ್ಬೇಕು? ಅಲ್ಲಿನ ಗುಮಾಸ್ತ ಅದನ್ನ ಮಗುವಿನ ಅಪ್ಪನಿಗೆ ತೋರಿಸಿದ್ದಾನೆ. ಅಪ್ಪ ತಾನೇ, ಏನಾಗುತ್ತೆ ಅಂದ್ಕೊಂಡಿರಬೇಕು. ಶುಕ್ರವಾರ ಮಧ್ಯಾಹ್ನ ಅವನು ಕಬ್ಬಿಣದ ಸಲಾಕೆ ಹಿಡ್ಕೊಂಡು ಗೇಟಿಗೆ ಬಂದ.

ಅದಕ್ಕೇ ಹೇಳ್ತಿರೋದು, ನಿನ್ನ ತಪ್ಪೇನಿಲ್ಲ. ಯಾರ ತಪ್ಪೂ ಇಲ್ಲ. ಆಸ್ಪತ್ರೇಲಿರೋ ಅವಳೂ ಉಳೀತಾಳೆ ಬಿಡು. ಎರಡು ದಿನ ಕಳೀಲಿ, ಕಣ್ಣು ಬಿಡ್ತಾಳೆ ಅಂತ ಮೊನ್ನೆ ಡಾಕ್ಟರೇ ಹೇಳಿದ್ರಂತೆ...

ಏನಾಯ್ತು? ಯಾಕೆ ಕೈ ನಿಂತುಬಿಡ್ತು?

ಅಕ್ಕ.

ಯಾವಾಗ? ಬೆಳಗ್ಗೆನಾ?

ಮಗುಗೆ ಹೇಳಿದ್ಯಾ? ಮೇಲಿದ್ದಾಳಾ? ಆಗಿಂದ ಮಹಡೀಲಿ ಮೆಷಿನ್ ಸದ್ದು ಕೇಳ್ತಿದೆ, ಯಾರೋ ಹೊಲೀತಿದ್ದಾರೆ ಅಂದ್ಕೊಂಡಿದ್ದೆ. ಅವಳೇನಾ? ಮೆಷಿನ್ನಿಗೆ ಬಟ್ಟೆ ಹಾಕದೆ ಸುಮ್ನೆ ತುಳೀತಿದ್ದಾಳಾ...

ಒಂದು ಲೋಟ ನೀರು... ಇರಲಿ, ನೀನು ಏಳಬೇಡ, ನಾನೇ ತಗೋತೀನಿ.

ನೋಡು. ಹೀಗಾದ ಮೇಲಂತೂ ನಮ್ಮಿಬ್ಬರ ಮಾತು ಹೊಂದಿಕೆ ಆಗಲೇಬೇಕು. ಪೊಲೀಸಿನವರು ಕಂಪನಿ ದಾಖಲೆ ತೆಗೆಸ್ತಾರೆ. ಅದರಲ್ಲಿ ಒಂದು ಸಾಲಿದೆ. ನೀನು ಇಷ್ಟು ಹೇಳಿದ್ರೆ ಸಾಕು. ಹೌದು, ನನ್ನ ತಮ್ಮ ಫೋನಲ್ಲಿ ಏನೋ ಕೇಳಿದ್ದ, ಗಡಿಬಿಡೀಲಿ ಹೂಂ ಅಂದಿದ್ದೆ. ಅಷ್ಟೇ. ಕಂಪ್ಯೂಟರ್ ವಿಷಯ ನನಗೆ ಅರ್ಥವಾಗಲಿಲ್ಲ ಅಂದ್ಬಿಡು, ನಿನ್ನನ್ನ ಯಾರೂ ಜೈಲಿಗೆ ಹಾಕಲ್ಲ. ಹೆಚ್ಚಂದ್ರೆ ಈ ಕೆಲಸದಿಂದ ತೆಗೀಬಹುದು. ನನ್ನ ಕಥೆ ಹಾಗಲ್ಲ. ಮಕ್ಕಳಿದ್ದಾರೆ. ಅಮ್ಮ ಬೇರೆ ನನ್ನ ಮನೇಲೇ ಇದ್ದಾಳೆ...

ಬೈಯಕ್ಕ. ಬೈದುಬಿಡು. ಚಿಕ್ಕವನಿದ್ದಾಗ ಕಿವಿ ಹಿಂಡ್ತಿದ್ದೆ, ಈಗಲೂ ಹಿಂಡು.

ನೀನೇನು ಯೋಚನೆ ಮಾಡ್ತಿದ್ದೀಯ ಅಂತ ಗೊತ್ತು. ತಾನಾಗೇ ಅಳಿಸಿಹೋಗಿದ್ರೆ ನನ್ನ ಹೂಂ ಯಾಕೆ ಬೇಕಿತ್ತು ಅಂತ ತಾನೆ?

ಅಳಿಸಿಹೋಗಲಿಲ್ಲ. ಹಾಗೆಲ್ಲ ಹೋಗಲ್ಲ ಅದು.

ಪಟ್ಟೀಲಿ ನಿಯಮಕ್ಕೆ ಒಳಪಟ್ಟ ಮೂವತ್ತೇಳು ಹೆಸರು ಹಸಿರು, ವಿನಾಯಿತಿ ಇದ್ದ ನಿಂದೊಂದು ಹಳದಿ. ದಿನಾ ಬೆಳಗ್ಗೆ ಯಜಮಾನರು ಬಂದು ಆ ಹಳದಿ ಮೇಲೇ ಬೆರಳಿಡೋರು. ಅಕ್ಕ ಅಂತ ಬಿಟ್ಟಿದ್ದೀಯೇನಪ್ಪಾ ಅಂತ ಎಲ್ಲರ ಮುಂದೆ ಕೇಳಿದ್ರು. ನನಗೆ ಅವಮಾನ ಆಯ್ತು. ಸೋಮವಾರ ಹೊರಗಿನವರು ತಪಾಸಣೆಗೆ ಬರೋರಿದ್ರು, ಅಷ್ಟರೊಳಗೆ ಮೂವತ್ತೆಂಟೂ ಹಸಿರಾಗಬೇಕಿತ್ತು. ಭಾನುವಾರ ಮನೇಲಿ ಕೂತು ನಾನೇ ಆ ವಿನಾಯಿತೀನ ತೆಗೆದೆ. ಮೂರು ವರ್ಷದ ಹಿಂದೆ ನೀನು ಬರೆಸಿದ್ದ ಸಾಲು ಅಲ್ಲೇ ಇತ್ತು. ಈ ವಿಳಾಸ ಹೊರಬಿದ್ದರೆ ಜೀವ ಹೋಗುತ್ತದೆ. ಓದಿದೆ ಅಕ್ಕ. ಎರಡು ಸಲ ಓದಿದೆ. ಅದರ ಕೆಳಗೆ ಎರಡು ಖಾಲಿ ಜಾಗ ಇರುತ್ತೆ, ತೆಗೆಯೋಕೆ ಒಪ್ಪಿಗೆ ಕೊಟ್ಟವರು ಯಾರು, ಎಷ್ಟು ಗಂಟೆಗೆ ಅಂತ. ಅದು ತುಂಬದೆ ಮುಂದಕ್ಕೆ ಬಿಡಲ್ಲ. ನಿನ್ನ ಹೆಸರು ಹಾಕ್ದೆ. ಫೋನಿನಲ್ಲಿ ಒಪ್ಪಿದರು ಅಂತ ಹಾಕ್ದೆ. ಮಧ್ಯಾಹ್ನ ಮೂರೂ ಕಾಲು.

ಆ ಹೊತ್ತು ನೀನು ನಮ್ಮನೇಲೇ ಇದ್ದೆ. ಹಜಾರದಲ್ಲಿ ಕೂತು ಅಮ್ಮನ ಕಾಲಿನ ಉಗುರು ಕತ್ತರಿಸ್ತಿದ್ದೆ. ಬಾಗಿಲು ತೆರೆದೇ ಇತ್ತು, ನಿಮ್ಮಿಬ್ಬರ ಮಾತೆಲ್ಲ ನನಗೆ ಕೇಳಿಸ್ತಿತ್ತು. ಅಕ್ಕಾ ಅಂತ ಒಂದು ಸಲ ಕೂಗಿದ್ರೆ ಸಾಕಿತ್ತು.

ಕೂಗಲಿಲ್ಲ. ನೀನು ಬೇಡ ಅಂತೀಯ ಅಂತ ಗೊತ್ತಿತ್ತು.