ಗ್ಲಿಸರಿನ್ ಹಾಕದ ಅಳತೆ

ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಾಗಣಸೂರ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅಕ್ಕಲಕೋಟೆಗೆ ಹೊರಟ ತಾಯಿ, ಮಗ ಮಾತಾಡುತ್ತಿದ್ದರು.

“ತೇಜಸ, ನಾಳೆ ನಿಮ್ಮ ಲ್ಯಾಬಿನ ಶ್ರೀಲೇಖಾ ಮುಂಬೈನಾಗ ಭಾಷಣ ಮಾಡ್ತಾಳಂತಲ್ಲ?”

“ಹೂಂ. ಪ್ರೋಟೀನ್ ಮಾಡಿಕೊಟ್ಟಾವ ನಾ, ಭಾಷಣ ಆಕೀದು.”

“ಆಕಿ ಏನ್ ಮಾಡ್ಯಾಳ?”

“ಅಳದಾಳ. ಆ ಪ್ರೋಟೀನಿನ ಒಂದು ಅಣುವಿಗೆ ಎರಡು ಗುರುತು ಅಂಟಿಸಿ, ಬರ್ಫಿನಂಗ ಹೆಪ್ಪುಗಟ್ಟಿಸಿ, ಮೈಕ್ರೋವೇವ್ ಹೊಡತ ಕೊಟ್ರ ಆ ಗುರುತುಗಳ ನಡುವಿನ ಅಂತರ ತಿಳೀತದ. ಕೂದಲೆಳಿಗಿಂತ ಸಾವಿರಾರು ಪಟ್ಟು ಸಣ್ಣದು.”

“ಹುಷಾರ್ ಹುಡಗಿ.”

“ಏನ್ ಹುಷಾರ್, ಅವ್ವಾ! ಗ್ಲಿಸರಿನ್ ಹಾಕೂದು ಮರತಾಳ. ಅದಿಲ್ಲಂದ್ರ ಬರ್ಫ ಆಗೂಮುಂದ ಅಣು ಎಲ್ಲಾ ಒತ್ತೊತ್ತಾಗಿ ಕೂಡ್ತಾವ. ಬಾಜೂ ಅಣುವಿನ ಗುರುತು ಅಳದು ಕುಣ್ಯಾಕತ್ತಾಳ.”

“ಆಕೀಗ ಹೇಳಿದಿ?”

“ಯಾಕ್ ಹೇಳ್ಲಿ? ನಾಳೆ ಎಲ್ಲಾರ ಮುಂದ ಸಿಕ್ಕೀಬೀಳ್ಲಿ.”

“ಹೊಟ್ಟೀಕಿಚ್ಚಿನ್ಯಾಗ ಭಾಳ ಶಾಣ್ಯಾ ಆಗೀದಿ. ಆಕಿ ಸಿಕ್ಕಿಬಿದ್ದಾಗ, ಪ್ರೋಟೀನ್ ಯಾರ್ ಮಾಡಿದ್ರು ಅಂತ ಕೇಳಿದ್ರ ಆಕಿ ಯಾರ ಹೆಸರ ಹೇಳ್ತಾಳ?”

ಅವರ ಬಸ್ಸು ಬಂತು, ತಾಯಿ ಹತ್ತಿದರು. ಮಗ ಬಾಗಿಲಲ್ಲೇ ನಿಂತು ಫೋನ್ ಹಚ್ಚಿದ.

“ಶ್ರೀಲೇಖಾ, ನಾಳೆ ಆ ಅಳತಿ ತೋರಸಬ್ಯಾಡ, ತಪ್ಪೈತಿ. ಥ್ಯಾಂಕ್ಸ್ ಏನ್ ಬ್ಯಾಡ. ಗ್ಲಿಸರಿನ್ ಹಾಕಿ ಮತ್ತ ಅಳಿಯಾವ ನಾನು. ಆಮ್ಯಾಲಿನ ಭಾಷಣನೂ ನಂದ.”

ಕಂಡಕ್ಟರ್ ಅವನನ್ನು ಒಳಗೆ ಸರಿಸಿ ಬಾಗಿಲು ಹಾಕಿದ.