ಕತ್ತೆ ಹೊತ್ತು ತಂದ ಪಾಸ್‌ಪೋರ್ಟ್‌ಗಳು

ಹಲೋ... ಹಾಂ, ಶರ್ವಿನ್ ಮಾತನಾಡುತ್ತಿದ್ದೇನೆ, ಕತೆ ಸಂಗ್ರಹಿಸುವವನು. ತಾವು ಯಾರು?...

ಜಸೀಲ? ದರ್ಜಿ ಅಲಿಕುಂಞಿಯವರ ಮಗಳು, ಮಿರ್ದಿಫ್‌ನಲ್ಲಿರುವವರು, ಅಲ್ವಾ? ಹೇಳಿ ತಂಗಿ...

ಯಾವಾಗ?...

ದಫನ ಮಾಡಿದ್ದು ಇಲ್ಲಿ, ಗಲ್ಫಿನಲ್ಲಿಯೇ? ಊರಿಗೆ ಒಯ್ಯಲಿಲ್ಲವೇ?...

ಇದ್ದೇನೆ, ಹೇಳಿ...

ಅಪ್ಪ ಹೇಳುತ್ತಿದ್ದ ಕತೆಯೇ? ಈಗಲೇ? ಅಲ್ಲಿ ಯಾರಿದ್ದಾರೆ?... ಸೆಬಾಸ್ಟಿಯನ್, ರಿಝ್ವಾನ್, ಅವರ ಹಳೆಯ ಕೋಣೆಯವರು. ಮತ್ತೆ ಮೊಮ್ಮಗಳು ಆಮಿನ. ಸರಿ, ಸ್ಪೀಕರಿನಲ್ಲಿಡಿ. ಬರೆದುಕೊಂಡಂತೆಯೇ ಓದುತ್ತೇನೆ.

‘ಈ ಕತೆಯನ್ನು ಮೊದಲು ಹೇಳಿದವರು ಉಳ್ಳಾಲದ ಅಲಿಕುಂಞಿ, 1979ರ ಒಂದು ಶುಕ್ರವಾರ ಮಧ್ಯಾಹ್ನ, ಗಲ್ಫಿನ ಖಾಲಿದಿಯಾದಲ್ಲಿ, ಕೆಲಸಗಾರರೆಲ್ಲ ಒಟ್ಟಿಗಿದ್ದ ಕೋಣೆಯಲ್ಲಿ. ಹಿಂದಿನ ವಾರ ಬಯಲು ಟಾಕೀಸಿನಲ್ಲಿ, ದೊಡ್ಡ ಸಿನಿಮಾಕ್ಕೆ ಮುಂಚೆ ತೋರಿಸಿದ ಏಳು ನಿಮಿಷದ ಕಾರ್ಟೂನನ್ನು ಅವರು ನೋಡಿದ್ದರು. ಅದರ ಇಂಗ್ಲಿಷು ಅವರಿಗೆ ತಿಳಿಯಲಿಲ್ಲ; ಕಂಡದ್ದರಿಂದ ತಾವೇ ಕತೆ ಕಟ್ಟಿದರು.’

‘ಒಂದು ಕತ್ತೆ, ಒಂದು ನರಿ, ಇಬ್ಬರೂ ದರೋಡೆಕೋರರು. ಕತ್ತೆ ಮುಖಕ್ಕೆ ಕರಿಬಟ್ಟೆ ಕಟ್ಟಿಕೊಂಡು ರೈಲು ಹತ್ತುತ್ತದೆ. ಕಿವಿಗಳು ಹೊರಗೇ. ಟಿಕೆಟು ಕೇಳುವ ಹುಂಜ, “ಬಾ ಕತ್ತೆಯಣ್ಣ” ಎನ್ನುತ್ತದೆ. ಕತ್ತೆ ನರಿಯ ಕಡೆ ತಿರುಗಿ, “ನನ್ನ ಗುಟ್ಟು ಬಿಟ್ಟದ್ದು ನೀನೇ” ಎಂದು ಜಗಳ ತೆಗೆಯುತ್ತದೆ.’

ನಕ್ಕದ್ದು ಆಮಿನ, ಅಲ್ವಾ?... ನಗಲಿ ಬಿಡಿ. ಅವರೂ ಅಲ್ಲಿ ತಡೆದು, ನಗು ಮುಗಿಯಲೆಂದು ಕಾಯುತ್ತಿದ್ದರು.

‘ನರಿ ತಿಜೋರಿ ಒಡೆಯುತ್ತದೆ. ಚಿನ್ನವಿಲ್ಲ. ಇರುವುದು ಕೆಲಸದ ಮಾಲೀಕ ಬೀಗ ಹಾಕಿಟ್ಟಿದ್ದ, ಕತೆ ಕೇಳುತ್ತಿದ್ದ ಕೋಣೆಯವರೆಲ್ಲರ ಪಾಸ್‌ಪೋರ್ಟುಗಳು. ಕತ್ತೆ ಅವನ್ನು ಬೆನ್ನಿಗೆ ಹೇರಿಕೊಂಡು ಓಡುತ್ತದೆ.’...

ಅಷ್ಟೇ. ಕೆಳಗೆ ‘ಕೇಳುಗರು ಎದ್ದು ಹೋದರು, ಕತೆ ಅಪೂರ್ಣ’ ಎಂದಿದೆ...

ಹೌದು, ಮೂರು ವರ್ಷದ ಹಿಂದೆ, ನಿಮ್ಮ ಮನೆಯಲ್ಲೇ. ರೆಕಾರ್ಡರನ್ನು ಅಲ್ಲಿಗೇ ನಿಲ್ಲಿಸಿದೆ. ಅವರು ಒಬ್ಬೊಬ್ಬರ ಹೆಸರು ಹಿಡಿದು ಕರೆದರು, ಕರೆದವರು ಎದ್ದರು. ಬೀಳ್ಕೊಡುತ್ತಿದ್ದಾರೆ ಎಂದುಕೊಂಡೆ...

ಏನಂದಿರಿ, ಸೆಬಾಸ್ಟಿಯನ್?...

ಕತೆಯ ಕೊನೆಯೇ ಅದು?... ಕತ್ತೆ ಪಾಸ್‌ಪೋರ್ಟು ಕೊಡುವುದು, ಹೆಸರು ಕೇಳಿದವನು ಊರಿಗೆ ಹೊರಡುವುದು...

ನನಗೆ ತಿಳಿಯಲಿಲ್ಲ. ಮರುವಾರ ಆ ಕಾರ್ಟೂನನ್ನೇ ಹುಡುಕಿ ಅವರಿಗೆ ತೋರಿಸಿದೆ. ಅದರಲ್ಲಿ ಕತ್ತೆ, ನರಿ ಇಬ್ಬರೂ ಜೈಲಿಗೆ ಹೋಗುತ್ತಾರೆ. ‘ಕೊನೆ ಇದು ಕಾಕ, ನೀವು ಬಿಟ್ಟಿದ್ದೀರಿ’ ಎಂದೆ. ಎರಡು ಸಲ ನೋಡಿದರು. ‘ಜೈಲಾ ಮಾರಾಯ? ನಾನು ಅಷ್ಟು ವರ್ಷ ಸುಳ್ಳು ಹೇಳಿದೆನಾ?’ ಎಂದು ಕೇಳಿದರು. ‘ಪಾಠಾಂತರ’ ಎಂದು ನಾನು ಬರೆದುಕೊಂಡೆ...

ಆಮೇಲೆ ಆ ಕತೆ ಹೇಳಲೇ ಇಲ್ಲವೇ?... ಒಮ್ಮೆಯೂ?... ಆಮಿನ ಕೇಳಿದಾಗಲೂ?...

ತಪ್ಪು ನನ್ನದು, ತಂಗಿ...

ಕೊನೆಯನ್ನು ನಾನೇ ಹೇಳಬೇಕೇ? ನನಗೆ ಆ ಅರ್ಹತೆ ಇಲ್ಲ... ಆಗಲಿ. ಆಗಲಿ.

ಸೆಬಾಸ್ಟಿಯನ್, ತೆಗೆದುಕೊಳ್ಳಿ, ನಿಮ್ಮ ಪಾಸ್‌ಪೋರ್ಟು. ಯಲ್ಲಾ, ಹೊರಡಿ... ಎದ್ದರೇ?...

ರಿಝ್ವಾನ್, ಇದು ನಿಮ್ಮದು... ಅದು ಬಾಗಿಲಿನ ಸದ್ದು, ಅಲ್ವಾ? ಇಬ್ಬರೂ ಮನೆಗೆ ಹೋದರೇ?...

ಏನು ಕೇಳುತ್ತಿದ್ದಾಳೆ ಆಮಿನ?... ಅಜ್ಜನದ್ದು ಯಾರು ಕೊಡುತ್ತಿದ್ದರು ಎಂದೇ?...

ಯಾರೂ ಇಲ್ಲವೇ? ಪ್ರತಿ ಸಲವೂ ಕತ್ತೆಯ ಬೆನ್ನ ಮೇಲೆ ಒಂದು ಉಳಿಯುತ್ತಿತ್ತೇ?...

ಫೋನನ್ನು ಅವರು ಕೂರುತ್ತಿದ್ದ ಕುರ್ಚಿಯ ಮೇಲಿಡಿ, ಜಸೀಲ... ಇಟ್ಟಿರಾ?...

ಅಲಿಕುಂಞಿ ಕಾಕ, ಇದು ನಿಮ್ಮದು. ಏಳಿ, ಊರಿಗೆ...

ಹಲೋ?... ಹಲೋ...